ನಾಲ್ಕೂ ಚಕ್ರ ತಿರುಗುತ್ತೆ ಅಂದವಳು

ಟಿಣ್... ಟಿಣ್... ಟಿಣ್...

ಫೋನಿನ ಆಚೆಯಿಂದ ಮೊದಲು ಕೇಳಿಸಿದ್ದು ಮಾತಲ್ಲ, ಈ ಸಣ್ಣ ಸದ್ದು.

ರಾತ್ರಿ ಹನ್ನೆರಡೂವರೆ. ತಿಪಟೂರಿನ ಮನೆಯಲ್ಲಿ ನಿದ್ದೆಗಣ್ಣಿನಲ್ಲೇ ಫೋನ್ ಎತ್ತಿದ್ದ ಜೀವಿತಾ ತಟ್ಟನೆ ಎದ್ದು ಕೂತಳು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಕೆಲಸ ಮಾಡುವ ಕಾರ್ ಶೋರೂಮಿನಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಗಾಡಿ ತನಗೇನೋ ತೊಂದರೆಯಾಗಿದೆ ಎಂದು ಹೇಳಿಕೊಳ್ಳುವ ಸದ್ದು ಅದು.

“ಮೇಡಂ... ನಾನು ದಯಾನಂದ್. ದಬ್ಬೇಘಟ್ಟದ ಹತ್ರ, ತೋಟದ ಮನೆ.”

ಹೆಸರು ಹೇಳುವ ಅಗತ್ಯವಿರಲಿಲ್ಲ. ಎರಡು ತಿಂಗಳಿಂದ ಫೋನ್ ಬಡಿದಾಗಲೆಲ್ಲ ಅವಳು ಆ ದನಿಗಾಗಿಯೇ ಕಾಯುತ್ತಿದ್ದಳು. ಆದರೆ ಹೀಗಲ್ಲ.

“ಹೇಳಿ ಸರ್.”

“ಗಾಡಿ ತೋಟದಲ್ಲಿ ಹೂತ್ಕೊಂಡೈತೆ. ಮುಂದಿನ ಚಕ್ರ ಸುಮ್ನೆ ಗಿರಗಿರ ತಿರುಗ್ತವೆ, ಹಿಂದಿನವು ಮಿಸುಕ್ತಾ ಇಲ್ಲ. ಸ್ಕ್ರೀನ್ ಮೇಲೆ ಏನೋ ಬರ್ತೈತೆ, ಓದೋಕಾಯ್ತಿಲ್ಲ ನಂಗೆ.”

“ಕೆಂಪಗೆ ಗಾಡಿ ಚಿತ್ರ ಬಂದಿದೆಯಾ? ಹಿಂದಿನ ಚಕ್ರ ಮಿಣುಕ್ತಾ ಇದೆಯಾ?”

“ಹೂಂ.”

“ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸೋ ಭಾಗ ಬಿಸಿಯಾಗಿದೆ ಸರ್. ಬಿಸಿಯಾದ್ರೆ ಗಾಡಿ ತಾನಾಗೇ ಅದನ್ನ ಬಿಟ್ಟುಬಿಡುತ್ತೆ. ಆಫ್ ಮಾಡಿ, ಆರೋಕೆ ಬಿಡಬೇಕು.”

“ಎಷ್ಟೊತ್ತು?”

“ಇಪ್ಪತ್ತು ನಿಮಿಷ...”

ದಯಾನಂದ್ ಒಂದೊಂದೇ ಮಾತನ್ನು ನಿಧಾನವಾಗಿ ಹೇಳಿದ.

“ಹಿಂದಿನ ಸೀಟಲ್ಲಿ ಅವ್ವ ಮಲಗವ್ಳೆ ಕಣ್ರೀ. ಬಾಯಿ ಸೊಟ್ಟಗಾಗೈತೆ. ಬಲಗೈ ಎತ್ತಿದ್ರೆ ಹಂಗೇ ಬಿದ್ದೋಯ್ತದೆ. ಇಪ್ಪತ್ತು ನಿಮಿಷ ಕಾಯ್ಲಾ ನಾನು?”

“ಆಂಬುಲೆನ್ಸ್‌ಗೆ...”

“ಮಾಡಿವ್ನಿ. ಅವ್ರು ಬರಾಕೂ ಮುಕ್ಕಾಲು ಗಂಟೆ ಬೇಕಂತೆ. ಜೀಪು ಎರಡು ತಿಂಗಳಿಂದ ಮುಟ್ಟಿಲ್ಲ, ಬ್ಯಾಟ್ರಿ ಸತ್ತೋಗೈತೆ. ನಮ್ ಆಳು ಕೆಂಚಯ್ಯ ಊರೊಳಗಿಂದ ದೊಡ್ಡರಂಗಯ್ಯನ ಟ್ರ್ಯಾಕ್ಟರ್ ತರಾಕೆ ಓಡವ್ನೆ.” ಅವನು ತಡೆದ. “ಆವತ್ತು ನಿಮ್ಮನ್ನ ಕೇಳಿದ್ನಲ್ಲ ಮೇಡಂ. ಏನಂದ್ರಿ ನೀವು?”

ಅವಳು ಹೊದಿಕೆ ಸರಿಸಿ ಮಂಚದಿಂದ ಕಾಲು ಇಳಿಬಿಟ್ಟಳು.

“ಫೋನ್ ಮಾತ್ರ ಇಡಬ್ಯಾಡಿ,” ಎಂದ ಅವನು. 

ಅವಳು ಇಡಲಿಲ್ಲ. ಅರ್ಧ ಗಂಟೆಗೂ ಮೀರಿ ಕಿವಿಗೆ ಒತ್ತಿ ಹಿಡಿದೇ ಕೂತಳು. ಅವನು ಫೋನನ್ನು ಸೀಟಿನ ಮೇಲೆ ಬಿಟ್ಟಿದ್ದ. ಕಪ್ಪೆಗಳು ಕೂಗುವುದು ಕೇಳಿಸಿತು. “ಅವ್ವಾ, ಇತ್ಲಾಗ್ ನೋಡು... ಅವ್ವಾ, ನಿದ್ದೆ ಮಾಡಬ್ಯಾಡ...” ಎನ್ನುವುದು ಕೇಳಿಸಿತು. ಅವನು ಕೈಯಲ್ಲೇ ಕೆಸರು ಬಗೆಯುತ್ತಿದ್ದುದು ಕೇಳಿಸಿತು. ಕೊನೆಗೆ ದೂರದಿಂದ ಟ್ರ್ಯಾಕ್ಟರ್ ಬಂದದ್ದು, ಹಗ್ಗ ಬಿಗಿದದ್ದು, ಯಾರೋ “ಎಳೀ ಎಳೀ” ಎಂದದ್ದು...

ನಂತರ ಕರೆ ತಾನಾಗಿಯೇ ಕಡಿಯಿತು. ಆಗ ರಾತ್ರಿ ಒಂದು ಗಂಟೆ ಹತ್ತು ನಿಮಿಷ.

ಕತ್ತಲಲ್ಲಿ ಜೀವಿತಾ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಏನೂ ಮಾಡಲಾಗದ ಕೈಗಳು.

*

ದಯಾನಂದ್ ಶೋರೂಮಿಗೆ ಮೊದಲ ಸಲ ಬಂದಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ. ಜೀವಿತಾಳ ಜೊತೆ ಕೆಲಸ ಮಾಡುವವರು ಮುಸಿಮುಸಿ ನಕ್ಕರು. ಜೀವಿತಾಗೆ ಮಾತ್ರ ನಗು ಬರಲಿಲ್ಲ. ಮೂವತ್ತೆರಡರ ಆ ಗಂಡಸು ಹೊಳೆಯುವ ನೆಲವನ್ನು ನೋಡಿ ಇದು ಯಾರೋ ಒರೆಸಿದ ನೆಲ ಎಂದು ಯೋಚಿಸಿದ್ದಾನೆ ಎನ್ನುವುದು ಅವಳಿಗೆ ಹೊಳೆದಿತ್ತು.

ಹೊರಗೆ ಅವನ ಅಪ್ಪನ ಕಾಲದ ಜೀಪು ನಿಂತಿತ್ತು. ಅದರಲ್ಲಿ ಅವನ ತಾಯಿ ಸರ್ವಮಂಗಳಮ್ಮ. ಇಳಿಯಲು ಮಂಡಿ ನೋವು, ಹತ್ತಿಸಲು ಮಣೆ ಬೇಕು.

“ಅವ್ವನಿಗೆ ಜೀಪು ಹತ್ತಾಕಾಗಲ್ಲ ಮೇಡಂ. ತಗ್ಗಿನ ಗಾಡಿ ಬೇಕು. ಆದ್ರೆ ನಾವಿರದು ತೋಟದೊಳಗೆ. ಡ್ಯಾಮಿಂದ ಚಾನಲ್‌ಗೆ ನೀರು ಬಿಟ್ರೆ ದಾರಿಯೆಲ್ಲ ಕೆಸರು. ನಮ್ ಜೀಪು ಫೋರ್ ವೀಲ್ ಡ್ರೈವ್. ಗೇರಿನ ಪಕ್ಕದ ಕಡ್ಡಿ ಹಾಕಿದ್ರೆ ಎಂಥಾ ಕೆಸರಿದ್ರೂ ಬತ್ತದೆ. ಇದ್ರಲ್ಲಿ ಆಲ್ ವೀಲ್ ಡ್ರೈವ್ ಅಂತ ಬರೆದೈತಲ್ಲ, ಎರಡೂ ಒಂದೇನಾ?”

ಅದನ್ನು ಅವನು ಮೂರು ಸಲ ಬಂದು ಮೂರು ಸಲವೂ ಕೇಳಿದ್ದ.

ಎರಡೂ ಒಂದಲ್ಲ ಎಂದು ಜೀವಿತಾಗೆ ಗೊತ್ತಿತ್ತು. ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಓದಿದ್ದಳು. ಬಿ.ಕಾಂ. ಓದುವಾಗಲೂ ಅಡಿಟಿಪ್ಪಣಿ ಬಿಡದೆ ಓದುತ್ತಿದ್ದ ಹುಡುಗಿ ಅವಳು. ಯಾರಿಗಾದರೂ ಒಂದು ಮಾತು ಹೇಳುವ ಮುಂಚೆ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಳ್ಳುತ್ತಿದ್ದವಳು.

ಆದರೆ ಅವನು ಮೂರನೆಯ ಸಲ ಕೇಳಿದ್ದು ತಿಂಗಳ ಕೊನೆಯ ದಿನ, ಮಾರಾಟದ ಗುರಿ ಮುಟ್ಟಲೇಬೇಕಾದ ದಿನ. ಗಾಜಿನ ಕೋಣೆಯಿಂದ ಮ್ಯಾನೇಜರ್ ಮೋಹನ್ ಕುಮಾರ್ ನೋಡುತ್ತಿದ್ದರು. ಅವರು ಬೆಳಿಗ್ಗೆ ಅಂದಿದ್ದ ಮಾತು ಕಿವಿಯಲ್ಲಿತ್ತು. “ಜಾಸ್ತಿ ವಿವರಿಸ್ತಾ ಕೂತರೆ ಅವರು ಇನ್ನೊಂದು ಶೋರೂಮಿಗೆ ಹೋಗ್ತಾರೆ ಕಣಮ್ಮ.”

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಇವನು ಗಾಡಿ ತೆಗೆದುಕೊಳ್ಳದೆ ಹೋದರೆ ಮತ್ತೆ ಬರುವುದೇ ಇಲ್ಲ... ಆ ಕಾರಣವನ್ನು ಅವಳು ತನಗೇ ಒಪ್ಪಿಕೊಂಡಿರಲಿಲ್ಲ.

“ಎರಡೂ ಒಂದೇ ಸರ್,” ಅಂದಿದ್ದಳು. “ನಾಲ್ಕೂ ಚಕ್ರ ತಿರುಗುತ್ತೆ.”

ಕಾರು ಕೊಟ್ಟ ದಿನ ಸರ್ವಮಂಗಳಮ್ಮ ಗಾಡಿಗೆ ವಿಭೂತಿ ಹಚ್ಚಿ, ತಮ್ಮ ತೋಟದ್ದೇ ಕಾಯಿ ಒಡೆದರು. ಆಮೇಲೆ ಜೀವಿತಾಳನ್ನು ಮೇಲಿನಿಂದ ಕೆಳಗೆ ನೋಡಿ, “ನಮ್ಮೋರೇನಾ ಮಗಾ?” ಎಂದು ಕೇಳಿದರು. ದಯಾನಂದ್ ಕಿವಿ ಕೆಂಪಗೆ ಮಾಡಿಕೊಂಡು ಸ್ಟೀರಿಂಗ್ ಒರೆಸತೊಡಗಿದ.

ಆಮೇಲೆ ಅವನಿಂದ ನಾಲ್ಕು ಸಲ ಫೋನ್ ಬಂತು. ವೈಪರ್ ಹೇಗೆ ನಿಲ್ಲಿಸುವುದು? ಗಡಿಯಾರ ಹೇಗೆ ಸರಿ ಮಾಡುವುದು? ಅವನಿಗೆ ಉತ್ತರ ಗೊತ್ತಿದೆ ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತು.

ಐದನೆಯ ಕರೆ ಆ ರಾತ್ರಿಯದು.

*

ಹನ್ನೊಂದು ದಿನ ಕಳೆದವು. ಫೋನ್ ಬರಲಿಲ್ಲ.

ಅವಳು ಮಾಡಲಿಲ್ಲವೆಂದಲ್ಲ. ಮರುದಿನ ಮಾಡಿದಳು, ಅದರ ಮರುದಿನವೂ. ಗಂಟೆ ಬಡಿದು ಬಡಿದು ನಿಂತಿತು. ‘ನನ್ನ ಹೆಸರು ನೋಡಿಯೇ ಎತ್ತುತ್ತಿಲ್ಲ’ ಎಂದುಕೊಂಡಳು. ಎತ್ತಿದರೆ ಏನು ಹೇಳುವುದು? ಮೂರನೆಯ ದಿನ ಕೆಂಚಯ್ಯ ಎತ್ತಿದ. “ಅಮ್ಮಾರು ಬದುಕವ್ರೆ ಕಣವ್ವ. ಬಲಗಡೆ ಹೋಯ್ತು. ಅಯ್ಯಾರು ಮಾತಾಡಾ ಸ್ಥಿತೀಲಿಲ್ಲ, ಇಡ್ತೀನಿ.”

ಬಲಗಡೆ ಹೋಯ್ತು. 

ಹನ್ನೆರಡನೆಯ ದಿನ, ಅವಳಿಂದಲೇ ವಿಷಯ ತಿಳಿದಿದ್ದ ಮೋಹನ್ ಕುಮಾರ್ ಒಂದು ಕಾಗದ ಮುಂದಿಟ್ಟರು. “ಆಲ್ ವೀಲ್ ಡ್ರೈವ್‌ಗೂ ಫೋರ್ ವೀಲ್ ಡ್ರೈವ್‌ಗೂ ಇರುವ ವ್ಯತ್ಯಾಸವನ್ನು ನನಗೆ ಮೊದಲೇ ವಿವರಿಸಲಾಗಿದೆ” ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಗ್ರಾಹಕನ ಸಹಿಗೆ ಜಾಗ.

“ಆತ ದೂರು ಕೊಡೋ ಮುಂಚೆ ಹೋಗಿ ಹಾಕಿಸ್ಕೊಂಡು ಬಾಮ್ಮ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು.”

ಆ ನೆಪವಾದರೂ ಸಿಕ್ಕಿತಲ್ಲ ಎಂದು ಅವಳಿಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತುರುವೇಕೆರೆಯಲ್ಲಿ ಬಸ್ಸು ಬದಲಿಸಿ, ದಬ್ಬೇಘಟ್ಟದಿಂದ ಚಾನಲ್ ಏರಿಯ ಮೇಲೆ ನಡೆದು ತೋಟ ತಲುಪುವಾಗ ಮಧ್ಯಾಹ್ನವಾಗಿತ್ತು. ತೆಂಗಿನ ಸಾಲುಗಳ ನಡುವೆ ಎರಡು ದೊಡ್ಡ ಹಳ್ಳ. ಅವುಗಳಿಂದ ನಾರು ನಾರಾಗಿ ಕೊಳೆತ ಮಟ್ಟೆ ಹೊರಬಿದ್ದಿತ್ತು. ಪಕ್ಕದಲ್ಲಿ ಗುದ್ದಲಿ ಹಿಡಿದ ಮುದುಕನೊಬ್ಬ ನಿಂತಿದ್ದ.

“ಯಾರವ್ವ?”

“ಜೀವಿತಾ ಅಂತ. ತಿಪಟೂರಿಂದ...”

“ಓ, ಕಾರು ಮಾರ್ದೋರು.” ಅವನೇ ಕೆಂಚಯ್ಯ. “ನೋಡವ್ವ, ನಿನ್ ಕಾರು ಕೂತಿದ್ದ ಸಿಂಹಾಸನ.”

ಅವಳು ನೋಡುತ್ತ ನಿಂತಳು. ಮುದುಕನಿಗೆ ಆಡಿದ್ದು ಹೆಚ್ಚಾಯಿತು ಅನಿಸಿರಬೇಕು, ದನಿ ತಗ್ಗಿಸಿದ.

“ಮರಕ್ಕೆ ತೇವ ಇರ್ಲಿ ಅಂತ ಸಾಲಿನ ಮಧ್ಯೆ ಕಾಲುವೆ ತೋಡಿ, ಕಾಯಿ ಸುಲಿದ ಮಟ್ಟೆ ತುಂಬಿ ಮಣ್ಣು ಮುಚ್ತೀವಿ. ಮೇಲೆ ನೋಡಿದ್ರೆ ಗಟ್ಟಿ ನೆಲ. ನೀರು ಬಿಟ್ರೆ ಒಳಗೆಲ್ಲ ಹತ್ತಿ ಹಂಗೆ. ಜೀಪಾದ್ರೆ ದಾಟ್ತಿತ್ತು. ಅಯ್ಯಾರ ಕೈಗೆ ಜೀಪಿನ ದಾರಿನೇ ಅಭ್ಯಾಸ. ಗಾಬರೀಲಿ ಕಾರನ್ನೂ ಅದ್ರಾಗೇ ನುಗ್ಗಿಸ್ಬುಟ್ರು.”

ದಯಾನಂದ್ ಜಗಲಿಯಲ್ಲಿ ತಾಯಿಯ ಬಟ್ಟೆ ಹಿಂಡುತ್ತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಕೈ ಒರೆಸಿಕೊಂಡ.

“ಬನ್ನಿ.”

ಅವಳು ಕಾಗದ ಚಾಚಿದಳು. ಅವನು ಓದಲೂ ಇಲ್ಲ. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿ, ಪೆನ್ನನ್ನು ಜಗಲಿಯ ಮೇಲಿಟ್ಟ.

“ಕೇಳೋದಿಲ್ವಾ ಏನು ಅಂತ?”

“ನಿಮ್ ಕೆಲಸಕ್ಕೆ ಬೇಕು ಅಂತ ತಂದಿರ್ತೀರಿ.”

ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಅದೇ ಪೆನ್ನು ತೆಗೆದುಕೊಂಡು, ‘ವಿವರಿಸಲಾಗಿದೆ’ ಎಂಬಲ್ಲಿ ಗೀಟು ಹಾಕಿ ‘ವಿವರಿಸಿಲ್ಲ’ ಎಂದು ಬರೆದಳು. ಪಕ್ಕದಲ್ಲಿ ತನ್ನ ಹೆಸರು ಬರೆದಳು.

“ನಂಗೆ ಗೊತ್ತಿತ್ತು,” ಎಂದಳು. “ಎರಡೂ ಬೇರೆ ಅಂತ ಓದಿದ್ದೆ. ಗೊತ್ತಿದ್ದೂ ಒಂದೇ ಅಂದೆ.”

ಅವನು ಅವಳನ್ನೇ ನೋಡಿದ.

“ಡಾಕ್ಟರು ಕೇಳಿದ್ರು,” ಎಂದ. “ಚೆನ್ನಾಗಿದ್ದದ್ದನ್ನ ಕೊನೆಗೆ ನೋಡಿದ್ದು ಯಾವಾಗ ಅಂತ. ಒಂಬತ್ತಕ್ಕೆ ನಂಗೆ ಊಟಕ್ಕಿಕ್ಕಿದ್ಲು, ಚೆನ್ನಾಗಿದ್ಲು ಅಂದೆ. ಹಂಗಾದ್ರೆ ನಾಲ್ಕೂವರೆ ಗಂಟೆಯೊಳಗೆ, ಒಂದೂವರೆಗೆ ಬಂದಿದ್ರೆ ಹೆಪ್ಪುಗಟ್ಟಿದ ರಕ್ತ ಕರಗ್ಸೋ ಇಂಜೆಕ್ಷನ್ ಕೊಡಬೋದಿತ್ತು ಅಂದ್ರು. ನಾವು ಹೋದಾಗ ಎರಡು ಹತ್ತು. ಕೆಸರಲ್ಲಿ ಐವತ್ತು ನಿಮಿಷ ಹೋಯ್ತು. ಅದನ್ನ ಕಳೆದು ನೋಡಿ.”

ಅವಳು ಮನಸ್ಸಿನಲ್ಲೇ ಕಳೆದು ನೋಡಿದಳು. ಒಂದು ಇಪ್ಪತ್ತು. ಹತ್ತು ನಿಮಿಷ ಮುಂಚೆಯೇ ತಲುಪುತ್ತಿದ್ದರು.

ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಅಷ್ಟು ಸಣ್ಣ ಮಾತನ್ನು ಎಲ್ಲಿಡುವುದು?

ಒಳಗಿನಿಂದ ಎಳೆದ ದನಿಯೊಂದು ಬಂತು. “ಯಾ...ರಪ್ಪಾ?”

“ಶೋರೂಮ್ ಮೇಡಂ ಕಣವ್ವ.”

“ಒಳಿಕ್ಕೆ... ಕಳಿಸು. ನೀನು ಎಳ್ನೀರು ಕಿತ್ಕೊಂಡು ಬಾ.”

*

ಸರ್ವಮಂಗಳಮ್ಮ ಗೋಡೆಗೊರಗಿ ಕೂತಿದ್ದರು. ಬಲಗೈ ಮಡಿಲಲ್ಲಿ ಯಾರೋ ಇಟ್ಟು ಹೋದಂತಿತ್ತು. ಜೀವಿತಾ ಹತ್ತಿರ ಕೂತೊಡನೆ ಅವರು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದರು.

“ಹೋದ್ನಾ?”

“ಹೋದರು ಅಮ್ಮ.”

“ಹೊರಗಡೆ ಮಾತಾಡಿದ್ದು... ಕೇಳುಸ್ತು. ನೀನು ಕೊರಗಬ್ಯಾಡ. ಕಾರಿಂದ ಆಗಿದ್ದಲ್ಲ ಮಗಾ.”

ಜೀವಿತಾ ತಲೆ ಎತ್ತಿದಳು.

“ದೀಪ ಹಚ್ಚೋ ಹೊತ್ತಿಗೇ... ಕೈ ಜೋಮು ಹಿಡೀತು. ವಿಭೂತಿ ಗಟ್ಟಿ ಕೈಯಿಂದ ಬಿದ್ದೋಯ್ತು. ಆರೂವರೆ. ಮಲಗಿದ್ರೆ ಸರಿಹೋಯ್ತದೆ ಅಂದ್ಕಂಡೆ. ಅವನು ಸುಸ್ತಾಗಿ ಬಂದಿದ್ದ. ಯಾಕೆ ಗಾಬರಿ ಅಂತ... ಬಾಯಿ ಬುಡಲಿಲ್ಲ.”

ಆರೂವರೆ. ನಾಲ್ಕೂವರೆ ಗಂಟೆ ಕೂಡಿದರೆ ಹನ್ನೊಂದು. ಕಾರು ಮನೆಯ ಮುಂದೆ ಒಣ ನೆಲದ ಮೇಲೆ ನಿಂತಿದ್ದಾಗಲೇ ಹೊತ್ತು ಮುಗಿದು ಹೋಗಿತ್ತು.

ಜೀವಿತಾಳ ಎದೆಯೊಳಗೆ ಹನ್ನೆರಡು ದಿನ ಬಿಗಿದಿದ್ದದ್ದು ಸಡಿಲವಾಯಿತು. ಕಣ್ಣೀರು ತಾನಾಗಿ ಹರಿಯಿತು. ಆದರೆ ಮುದುಕಿ ಕೈ ಬಿಡಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಹಿಡಿದರು.

“ಒಂಬತ್ತಕ್ಕೆ ಊಟಕ್ಕೆ ಕೂತ. ಮುದ್ದೆ ಇಕ್ಕಿದೆ, ಸಾರು ಬುಟ್ಟೆ... ಎಡಗೈಲಿ. ಎಡಗೈಲಿ ಕಣೇ. ಮೂವತ್ತೈದು ವರ್ಷ ಈ ಮನೇಲಿ ಯಾರಿಗೂ ಎಡಗೈಲಿ ಬಡಿಸಿದೋಳಲ್ಲ ನಾನು. ಅವನು ಎದುರಿಗೇ ಕೂತಿದ್ದ. ಫೋನ್ ನೋಡ್ತಾ ಉಂಡ. ‘ಸಾರು ಚೆನ್ನಾಗೈತೆ ಕಣವ್ವ’ ಅಂದ. ಎದ್ದೋದ.”

ಮುದುಕಿ ತಮ್ಮ ಮಡಿಲಲ್ಲಿದ್ದ ಬಲಗೈಯನ್ನು ನೋಡಿಕೊಂಡರು.

“ಅವನಿಗೆ ಗೊತ್ತಾದ್ರೆ... ಇನ್ನೊಂದು ತುತ್ತು ಇಳಿಯಾಕಿಲ್ಲ ಅವನ ಗಂಟಲಲ್ಲಿ. ನಿನ್ ಮನಸ್ಸಿಗಷ್ಟೇ ಹೇಳಿವ್ನಿ. ನೀನು ಹೇಳಿದ್ರೆ ನಾನು ಬೇಡ ಅನ್ನೋಕಾಗಲ್ಲ. ನಿನ್ ಮೇಲೂ ಭಾರ ಐತಲ್ಲ...”

ಅಷ್ಟರಲ್ಲಿ ಎಳನೀರು ಹಿಡಿದು ದಯಾನಂದ್ ಹೊಸಿಲು ದಾಟಿದ. ಜೀವಿತಾ ಸೆರಗಿನಿಂದ ಮುಖ ಒರೆಸಿಕೊಂಡಳು. 

*

“ಬಸ್ಸಿನ ತನಕ ಬಿಡ್ತೀನಿ,” ಎಂದು ಅವನು ಜೀಪು ತೆಗೆದ. ಹೊಸ ಬ್ಯಾಟರಿ ಹಾಕಿಸಿದ್ದ.

ಹಳ್ಳದ ಹತ್ತಿರ ಬಂದಾಗ ಗೇರಿನ ಪಕ್ಕದ ಚಿಕ್ಕ ಕಡ್ಡಿಯನ್ನು ಹಿಂದಕ್ಕೆಳೆದ. ಒಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡಿತು.

“ಈಗ ಮುಂದಿಂದೂ ಹಿಂದಿಂದೂ ಒಂದೇ ಕಟ್ಟಿಗೆ ಬಿದ್ವು. ಒಂದು ತಿರುಗಿದಷ್ಟೇ ಇನ್ನೊಂದು. ಬಿಸಿಯಾಯ್ತು ಅಂತ ಯಾವ್ದೂ ಕೈಬುಡಂಗಿಲ್ಲ.”

ಜೀಪು ಕೆಸರನ್ನು ತುಳಿಯುತ್ತ, ತೂರಾಡುತ್ತ ದಾಟಿತು. ಟಾರ್ ರಸ್ತೆಗೆ ಬಂದ ಮೇಲೂ ಅವನು ಕಡ್ಡಿ ಬಿಡಿಸಲಿಲ್ಲ. ಮೊದಲ ತಿರುವಿನಲ್ಲಿ ಟೈರುಗಳು ಕಿರುಗುಟ್ಟಿದವು, ಗಾಡಿ ಹೆಜ್ಜೆಹೆಜ್ಜೆಗೂ ಮುಗ್ಗರಿಸಿತು.

“ಏನಾಗ್ತಿದೆ?”

“ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗ್ಬೇಕು. ಹಿಂದಿಂದು ಬುಡಲ್ಲ. ಕೆಸರಲ್ಲಾದ್ರೆ ಜಾರಿ ಸರಿ ಮಾಡ್ಕೊಳ್ತವೆ, ಟಾರಲ್ಲಿ ಜಾರಾಕಾಗಲ್ಲ. ಹಿಂಗೇ ಹೋದ್ರೆ ಒಳಗೆ ಮುರಿತದೆ.” ಅವನು ನಿಲ್ಲಿಸಿ ಕಡ್ಡಿ ಬಿಡಿಸಿದ. “ನಿಮ್ ಕಾರು ಇಲ್ಲಿ ಬೆಣ್ಣೆ ಹಂಗೆ ಹೋಯ್ತದೆ. ಎಲ್ಲಿ ಎಷ್ಟು ಅಂತ ಅದೇ ನೋಡ್ಕೊಳ್ತದೆ. ಕಾರು ಕೆಟ್ಟದ್ದಲ್ಲ. ಅದ್ರ ಕೆಲಸ ಬ್ಯಾರೆ. ಆವತ್ತು ಏರಿ ಮೇಲೆ ಹೋಗಿದ್ರೆ ಅದೇ ಕಾರು ದಾಟ್ತಿತ್ತು. ನಾನು ಜೀಪಿನ ದಾರೀಲಿ ನುಗ್ಗಿಸ್ದೆ.”

“ನಾನು ಹೇಳಿದ್ದನ್ನ ನಂಬಿ ತಾನೇ?”

“ಹೂಂ. ನಂಬಿ.” ಅವನು ಮುಚ್ಚಿಡಲಿಲ್ಲ. “ಮೂರು ದಿನ ನಿಮ್ಮನ್ನ ಬೈದ್ಕಂಡೆ. ನಾಲ್ಕನೇ ದಿನಕ್ಕೆ ಬೈಯಾಕೂ ಆಗ್ಲಿಲ್ಲ.”

“ಮತ್ತೆ ಫೋನ್ ಯಾಕೆ ಎತ್ತಲಿಲ್ಲ?”

ಅವನು ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಚಾನಲ್ ನೀರನ್ನು ನೋಡಿದ.

“ಆ ವಾರ ಅವ್ವ ನಿಮ್ಮನೆಗೆ ಬರೋಳಿದ್ಲು. ಹೆಣ್ಣು ಕೇಳಾಕೆ. ಸೀರೆ ತೆಗೆದಿಟ್ಟಿದ್ಲು. ಈಗ ನಾನು ಯಾವ ಮುಖ ಹೊತ್ಕಂಡು ಬರ್ಲಿ? ಹಾಸಿಗೆ ಹಿಡಿದ ತಾಯಿನ ನೋಡ್ಕೊಳಾಕೆ ಜನ ಬೇಕಾಯ್ತು, ಅದಕ್ಕೇ ಬಂದ ಅಂತಾರೆ. ನೀವೂ ಅಂದ್ಕೊಳ್ತೀರ. ತಪ್ಪು ಮಾಡಿದೀನಿ ಅನ್ನೋ ಕಾರಣಕ್ಕೇ ನೀವು ಮದುವೆಗೆ ಒಪ್ಕೊಂಡುಬಿಟ್ರೆ ಅಂತ ಹೆದರಿಕೆ. ತಪ್ಪಿಗೆ ಅಂತ ಬರೋದು ಬ್ಯಾಡ ನಂಗೆ.”

ಹನ್ನೆರಡು ದಿನದ ಮೌನ ಇದಕ್ಕಾಗಿತ್ತೇ?

“ಆ ರಾತ್ರಿ,” ಅವನೇ ಮುಂದುವರಿಸಿದ, “ಫೋನ್ ಇಡಬ್ಯಾಡಿ ಅಂದ್ನಲ್ಲ, ಗಾಡಿಗೆ ಅಂತ ಅಲ್ಲ ಅದು.”

“ಗೊತ್ತು,” ಎಂದಳು ಜೀವಿತಾ. “ಅದಕ್ಕೇ ಇಡಲಿಲ್ಲ.”

ರಸ್ತೆಯಲ್ಲಿ ಬಸ್ಸು ಬಂದು, ಕಂಡಕ್ಟರ್ ಇಣುಕಿ, ಜೀಪಿನಿಂದ ಯಾರೂ ಇಳಿಯದ್ದು ನೋಡಿ ಹೊರಟುಹೋಯಿತು.

“ಬಸ್ಸು...” ಎಂದ ಅವನು.

“ಹೋಗಲಿ. ಅಮ್ಮನ ಬದಲು ನಾನೇ ಕೇಳ್ತೀನಿ ನಮ್ಮನೇಲಿ. ತಪ್ಪಿಗೆ ಅಲ್ಲ. ನೀವು ಗಡಿಯಾರ ಸರಿ ಮಾಡೋದು ಹೇಗೆ ಅಂತ ಕೇಳಿದ್ರಲ್ಲ, ಅವತ್ತಿಂದಾನೇ ಇದ್ದದ್ದು ಇದು.”

ಅವನ ಮುಖದಲ್ಲಿ ನಗು ಬಂದು, ಪೂರ್ತಿ ಬರಲಾರದೆ ನಿಂತಿತು.

“ಐವತ್ತು ನಿಮಿಷ ಹಂಗೇ ಇರ್ತದೆ ಕಣ್ರೀ ನಮ್ ಮಧ್ಯೆ. ನೀವು ಒಂದು ಮಾತು ತಪ್ಪಾಡಿದ್ರಿ, ನಾನು ಒಂದು ದಾರಿ ತಪ್ಪು ಹಿಡಿದೆ. ಇಬ್ರೂ ಅರ್ಧರ್ಧ ಹೊತ್ಕೊಳಾಣ. ಆಯ್ತದಾ?”

“ಆಯ್ತದೆ,” ಎಂದಳು, ಅವನದೇ ಮಾತಿನಲ್ಲಿ.

“ಅದಿರ್ಲಿ, ಅವ್ವ ಒಳಗೆ ಏನಂದ್ಲು? ಅತ್ತಂಗಿದ್ರಿ ನೀವು.”

ಒಂದೇ ಒಂದು ಮಾತು ಸಾಕಿತ್ತು. ಆ ಐವತ್ತು ನಿಮಿಷ ಇಬ್ಬರ ಹೆಗಲಿನಿಂದಲೂ ಇಳಿದುಬಿಡುತ್ತಿತ್ತು. ಅವಳು ನಿರಪರಾಧಿಯಾಗುತ್ತಿದ್ದಳು. ಆದರೆ ಅವನು? ಗೊತ್ತಾದರೆ ದಿನಾ ರಾತ್ರಿ ಒಂಬತ್ತಕ್ಕೆ ತಟ್ಟೆಯ ಮುಂದೆ ಕೂತು, ತಾನು ಅಂದು ಗಮನಿಸದ ಆ ಎಡಗೈಯನ್ನೇ ಕಾಣುತ್ತಾನೆ. ಅದನ್ನು ಅರ್ಧ ಹಂಚಿಕೊಳ್ಳಲು ಅವಳಿಂದ ಆಗುತ್ತಿರಲಿಲ್ಲ.

ಈ ಸಲ ಅವಳು ಮಾತನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು.

“ಏನಿಲ್ಲ. ಮಗ ಸೊರಗಿದ್ದಾನೆ, ನೋಡ್ಕೊ ಅಂದ್ರು.”

“ಅಷ್ಟೇನಾ?”

“ಅಷ್ಟೇ.”

ಅವನು ನಂಬಿದ. ಅವಳ ಮಾತನ್ನು ಮತ್ತೆ ನಂಬಿದ. ಅವಳು ಸ್ಟೀರಿಂಗಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು.

ಇವನಿಗೆ ಹೇಳುವುದಿಲ್ಲ. ಅಪ್ಪ ಅಮ್ಮನಿಗೆ ಹೇಳುವುದಿಲ್ಲ. ‘ಇವಳಿಂದಲೇ ಅತ್ತೆಗೆ ಹೀಗಾಯಿತು’ ಎಂದು ಮುಂದೆ ಯಾರಾದರೂ ಮುಖದೆದುರೇ ಅಂದರೂ, ಯಾರಿಗೂ ಹೇಳುವುದಿಲ್ಲ.